ಆಟಿಕೆಯ ಡಬ್ಬಿಯಿಂದ ಅಳತೆಯ ಮಾದರಿಗೆ: ಗೂಡ್ಸ್ ವ್ಯಾಗನುಗಳ ಒಂದು ಕಿರು ಇತಿಹಾಸ

ಮಣ್ಣೆತ್ತಿನ ಅಮಾವಾಸ್ಯೆಯಂದು ನಮ್ಮ ಸೀಮೆಯ ಮನೆಗಳಲ್ಲಿ ಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುವ ರೂಢಿಯಿದೆ. ಆ ಎತ್ತಿನ ಕೋಡು ನಿಜವಾದ ಎತ್ತಿನ ಕೋಡಿಗೆ ಸರಿಯಾದ ಪ್ರಮಾಣದಲ್ಲಿದೆಯೇ ಎಂದು ಯಾರೂ ಅಳೆದು ನೋಡುವುದಿಲ್ಲ. ಎತ್ತೆಂದು ಗುರುತು ಸಿಕ್ಕರೆ ಸಾಕು. ಹಿರಿಯರಿಗೆ ಪೂಜೆಯೂ ಆಯಿತು, ಮಕ್ಕಳಿಗೆ ಆಟವೂ ಆಯಿತು. ಆದರೆ ಬಡಗಿಯೊಬ್ಬನು ತೇರಿಗೆ ಕೈಹಾಕುವ ಮುನ್ನ ಅದರ ಸಣ್ಣ ಪ್ರತಿಯೊಂದನ್ನು ಮಾಡಿಕೊಂಡನೆಂದರೆ ಅಲ್ಲಿನ ಮಾತೇ ಬೇರೆ. ಚಿಕ್ಕದರಲ್ಲಿ ಒಂದು ಬೆರಳು ತಪ್ಪಿದರೆ ದೊಡ್ಡದರಲ್ಲಿ ಒಂದು ಮೊಳ ತಪ್ಪುತ್ತದೆ. ಮೊದಲನೆಯದು ಆಟಿಕೆ, ಎರಡನೆಯದು ಮಾದರಿ. ಆಟಿಕೆಗೆ ಹೋಲಿಕೆ ಸಾಕು. ಮಾದರಿಗೆ ಅಳತೆ ಬೇಕು.

ಈ ಎರಡರ ನಡುವಣ ದಾರಿಯನ್ನು ಕಾಣಬೇಕಾದರೆ ರೈಲಿನ ಆಟಿಕೆಗಳ ಇತಿಹಾಸವನ್ನು ನೋಡಬೇಕು. ಯುರೋಪು ಮತ್ತು ಅಮೆರಿಕಗಳ ಹವ್ಯಾಸಿಗಳು ಅಂಗಡಿಯಲ್ಲಿ ಕೊಂಡ, ಮಕ್ಕಳು ಆಡಿ ಬಿಟ್ಟ ಗೂಡ್ಸ್ ಡಬ್ಬಿಗಳನ್ನು ಬಿಚ್ಚಿ, ಕೊಯ್ದು, ತಿದ್ದಿ, ಅವನ್ನು ನಿಜವಾದ ವ್ಯಾಗನುಗಳ ಅಳತೆಯ ಪ್ರತಿಗಳನ್ನಾಗಿ ಮಾಡುತ್ತ ಬಂದು ಹಲವು ದಶಕಗಳಾದವು. ಹೊರಗಿನಿಂದ ನೋಡುವವರಿಗೆ ಇದು ಬಿಡುವಿನ ವೇಳೆಯ ವಿನೋದ. ಆದರೆ ಒಂದು ಡಬ್ಬಿಯನ್ನು ತಿದ್ದಲು ಹೊರಟವನು ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆಗಳು ಇತಿಹಾಸಕಾರನ ಪ್ರಶ್ನೆಗಳೇ ಆಗಿವೆ: ಯಾವ ರೈಲ್ವೆಯದು, ಯಾವ ಕಾಲದ್ದು, ಏನನ್ನು ಹೊರುತ್ತಿತ್ತು, ಯಾರು ಅದರ ಮೇಲೆ ಹತ್ತಿ ಇಳಿಯುತ್ತಿದ್ದರು? ಆ ಕೆಲಸ ಹೇಗೆ ಬೆಳೆಯಿತು, ಅದರಿಂದ ಏನು ಉಳಿಯಿತು, ಸೊಲ್ಲಾಪುರ ಮತ್ತು ಜತ್ತ ಸೀಮೆಯಲ್ಲಿ ಹಾಯ್ದುಹೋಗಿದ್ದ ಒಂದು ಸಣ್ಣ ರೈಲಿಗೂ ಅದಕ್ಕೂ ಇರುವ ನಂಟೇನು ಎಂಬುದನ್ನು ಈ ಬರಹದಲ್ಲಿ ನೋಡೋಣ.

ತಗಡಿನ ಕಾಲ

ಜರ್ಮನಿಯ ಗೊಪ್ಪಿಂಗೆನ್ ಪಟ್ಟಣದಲ್ಲಿ 1859ರಲ್ಲಿ ಆರಂಭವಾದ ಮೇರ್ಕ್ಲಿನ್ ಸಂಸ್ಥೆಯು ಮೊದಮೊದಲು ತಯಾರಿಸುತ್ತಿದ್ದುದು ಗೊಂಬೆಯಾಟದ ತಗಡಿನ ಅಡುಗೆ ಸಾಮಾನುಗಳನ್ನು. 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಆಟಿಕೆಯ ರೈಲನ್ನು ಒಂದು ವ್ಯವಸ್ಥೆಯ ರೂಪದಲ್ಲಿ ಜನರ ಮುಂದಿಟ್ಟಿತು. ಹಳಿಗಳ ನಡುವಿನ ಅಂತರಕ್ಕೆ ಗೊತ್ತಾದ ಅಳತೆಗಳಿದ್ದವು. ಈ ವರ್ಷ ಒಂದು ಎಂಜಿನು, ಬರುವ ವರ್ಷ ಎರಡು ಡಬ್ಬಿ, ಆಮೇಲೆ ಇನ್ನಷ್ಟು ಹಳಿ ಎಂದು ಕೊಂಡು ಸೇರಿಸುತ್ತ ಹೋಗಬಹುದಾಗಿತ್ತು. ಇಂದಿಗೂ ಆಟಿಕೆಯ ರೈಲನ್ನು ಅದರ ಗೇಜಿನಿಂದ ಗುರುತಿಸುವ ಪದ್ಧತಿಯ ಬೇರು ಇಲ್ಲಿದೆ.

ಅಮೆರಿಕದಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬವರು 1900ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ ಸಂಸ್ಥೆಯನ್ನು ತೆರೆದರು. ಅವರ ಮೊದಲ ರೈಲು ಎಂಜಿನ್ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅದು ಮೋಟಾರು ಅಳವಡಿಸಿದ ತೆರೆದ ಗೂಡ್ಸ್ ಡಬ್ಬಿ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸುತ್ತು ಹಾಕುತ್ತ ದಾರಿಹೋಕರ ಕಣ್ಣು ಸೆಳೆಯುವುದೇ ಅದರ ಕೆಲಸ. ಗಿರಾಕಿಗಳು ಕಿಟಕಿಯೊಳಗಿನ ಸರಕನ್ನು ಬಿಟ್ಟು ಆ ಡಬ್ಬಿಯನ್ನೇ ಕೇಳತೊಡಗಿದರೆಂದು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಮೆಕಾನೊ ಆಟಿಕೆಗೆ 1901ರಲ್ಲಿ ಪೇಟೆಂಟು ಪಡೆದಿದ್ದ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರು 1920ರಲ್ಲಿ ತಮ್ಮ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದರು.

ಈ ರೈಲುಗಳ ಗೂಡ್ಸ್ ಡಬ್ಬಿಗಳು ಅಂದವಾಗಿದ್ದವು. ಆದರೆ ಅಳತೆಗೆ ಸರಿಯಾಗಿರಲಿಲ್ಲ. ಅದಕ್ಕೆ ತಯಾರಕರ ಅಜ್ಞಾನವು ಕಾರಣವಲ್ಲ. ಮನೆಯ ನೆಲದ ಮೇಲೆ ಒಂದು ಸುತ್ತು ಹಳಿ ಹಾಕಬೇಕಾದರೆ ತಿರುವು ಬಲು ಬಿಗಿಯಾಗಿರಬೇಕು. ಲಯನೆಲ್ ಸಂಸ್ಥೆಯ ಜನಪ್ರಿಯ ಹಳಿಯ ವೃತ್ತಕ್ಕೆ 31 ಅಂಗುಲ ವ್ಯಾಸ. ಅದನ್ನು 48 ಪಟ್ಟು ಹಿಗ್ಗಿಸಿದರೂ ಸುಮಾರು 38 ಮೀಟರ್ ವ್ಯಾಸದ ವೃತ್ತವಾಗುತ್ತದೆ. ಅಂಥ ತಿರುವಿನಲ್ಲಿ ನಿಜವಾದ ಯಾವ ಮುಖ್ಯಮಾರ್ಗದ ರೈಲೂ ಓಡಲಾರದು. ಆದ್ದರಿಂದ ಡಬ್ಬಿಯ ಉದ್ದವನ್ನು ಮೊಟಕುಗೊಳಿಸಿದರು. ಮಗುವಿನ ಕೈಯಲ್ಲಿ ಹಳಿ ಸಮನಾಗಿ ಕೂಡದು; ಆದ್ದರಿಂದ ಗಾಲಿಯು ಜಾರದಂತೆ ತಡೆಯುವ ಒಳಬದಿಯ ಏಣನ್ನು ಆಳವಾಗಿಸಿದರು. ಕೊಂಡಿ ಸುಲಭವಾಗಿ ಸಿಕ್ಕಿಕೊಳ್ಳಬೇಕು. ಆದ್ದರಿಂದ ಅದನ್ನು ಹಿಗ್ಗಿಸಿದರು. ಹಲಗೆಯ ಸಂದುಗಳನ್ನೂ ರಿವೆಟುಗಳನ್ನೂ ತಗಡಿನ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿದರು. ಹೀಗೆ ಆಟಿಕೆಯ ಪ್ರತಿಯೊಂದು ತಪ್ಪಿಗೂ ಒಂದು ಕಾರಣವಿತ್ತು. ಮುಂದೆ ಹವ್ಯಾಸಿಗಳು ಮಾಡಿದ ತಿದ್ದುಪಡಿಯೆಂದರೆ ಈ ಕಾರಣಗಳನ್ನು ಒಂದೊಂದಾಗಿ ನಿವಾರಿಸುತ್ತ ಹೋದದ್ದು.

ಗೇಜಿನ ಗಣಿತ

ತಿದ್ದುಪಡಿಯ ಮೊದಲ ತೊಡಕು ಗಣಿತದ್ದು. ಯುರೋಪು ಮತ್ತು ಅಮೆರಿಕಗಳ ಬಹುಪಾಲು ರೈಲುಮಾರ್ಗಗಳಲ್ಲಿ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್, ಅಂದರೆ 4 ಅಡಿ 8½ ಅಂಗುಲ. ಅಮೆರಿಕದ ಓ ಗೇಜಿನ ಆಟಿಕೆಯಲ್ಲಿ ಆ ಅಂತರ 1¼ ಅಂಗುಲ. ಡಬ್ಬಿಯನ್ನು 48ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಮಾಡಿದರೆ ಅದರ ಕೆಳಗಿನ ಹಳಿಯು 5 ಅಡಿಯ ಹಳಿಗೆ ಸಮವಾಗುತ್ತದೆ. ಅಂದರೆ 3½ ಅಂಗುಲ ಹೆಚ್ಚು.

ಇಂಗ್ಲೆಂಡಿನಲ್ಲಿ ತಪ್ಪು ಇದಕ್ಕೆ ತಿರುಗುಮುರುಗಾಯಿತು. ನಾರ್ತಾಂಪ್ಟನ್ನಿನ ಬ್ಯಾಸೆಟ್ ಲೋಕ್ ಎಂಬವರ ಸಂಸ್ಥೆಗಾಗಿ ನ್ಯೂರೆಂಬರ್ಗಿನ ಬಿಂಗ್ ಕಾರ್ಖಾನೆಯು 1922ರಲ್ಲಿ ಊಟದ ಮೇಜಿನ ಮೇಲೆ ಹಿಡಿಯುವಷ್ಟು ಪುಟ್ಟ ರೈಲನ್ನು ತಯಾರಿಸಿಕೊಟ್ಟಿತು. ಈ ವರ್ಗದ ಹಳಿಯ ಅಗಲ 16.5 ಮಿಲಿಮೀಟರಿಗೆ ನಿಂತಿತು. ಬ್ರಿಟನ್ನಿನ ಎಂಜಿನುಗಳು ಗಾತ್ರದಲ್ಲಿ ಸಣ್ಣವು. ಅವುಗಳ ಮಾದರಿಯೊಳಗೆ ಮೋಟಾರು ಹಿಡಿಯಬೇಕಾದರೆ ಎಂಜಿನನ್ನು ತುಸು ದೊಡ್ಡದಾಗಿಯೇ ಮಾಡಬೇಕು. ಆದ್ದರಿಂದ ಅಲ್ಲಿ ಅಡಿಗೆ 4 ಮಿಲಿಮೀಟರ್ ಎಂಬ ಪ್ರಮಾಣ ಬಳಕೆಗೆ ಬಂತು. ಅದೇ ಡಬಲ್ ಓ. ಆ ಪ್ರಮಾಣಕ್ಕೆ ಹಳಿಯ ಅಂತರ 18.83 ಮಿಲಿಮೀಟರ್ ಇರಬೇಕಿತ್ತು. 16.5ರ ಹಳಿಯ ಮೇಲೆ ಓಡುವ ಇಂಗ್ಲಿಷ್ ವ್ಯಾಗನು ವಾಸ್ತವವಾಗಿ 4 ಅಡಿ 1½ ಅಂಗುಲದ ಹಳಿಯ ಮೇಲೆ ನಿಂತಂತಾಯಿತು. 7 ಅಂಗುಲ ಕಡಿಮೆ. ಯುರೋಪು ಖಂಡದಲ್ಲೂ ಅಮೆರಿಕದಲ್ಲೂ ಅಡಿಗೆ 3.5 ಮಿಲಿಮೀಟರ್ ಲೆಕ್ಕದ ಎಚ್‌ಓ ಪ್ರಮಾಣವನ್ನು ಹಿಡಿದುದರಿಂದ ಅವರ ಹಳಿಯೂ ಡಬ್ಬಿಯೂ ಒಂದಕ್ಕೊಂದು ಸರಿಹೊಂದಿದವು.

ಈ 7 ಅಂಗುಲವನ್ನು ಸಹಿಸಲಾರದವರು ಬ್ರಿಟನ್ನಿನಲ್ಲಿ ಕೊಂಡ ವ್ಯಾಗನಿನ ಗಾಲಿಗಳನ್ನು ಕಿತ್ತು, ಉದ್ದದ ಇರಸು ಹಾಕಿ, ಮೊದಲು 18 ಮಿಲಿಮೀಟರಿಗೂ ಆಮೇಲೆ 18.2ಕ್ಕೂ ಬಂದರು. 1960ರ ದಶಕದಲ್ಲಿ ಇನ್ನೂ ಕಟ್ಟುನಿಟ್ಟಿನ ಒಂದು ಗುಂಪು 18.83ಕ್ಕೇ ಹೋಗಿ ನಿಂತಿತು. ಸೊಲ್ಲಾಪುರದ ಮೂಲಕ ಹಾಯುವ ನಮ್ಮ ಬ್ರಾಡ್‌ಗೇಜಿನ ಅಂತರ 1,676 ಮಿಲಿಮೀಟರ್. ಅದೇ ಡಬಲ್ ಓ ಪ್ರಮಾಣದಲ್ಲಿ ಅದಕ್ಕೆ ಸರಿಯಾಗಿ 22 ಮಿಲಿಮೀಟರ್ ಬೇಕು. ಇಂಗ್ಲಿಷ್ ಆಟಿಕೆಯೊಂದಕ್ಕೆ ಭಾರತದ ಬಣ್ಣವನ್ನಷ್ಟೇ ಬಳಿದರೆ ಅದು ಭಾರತದ ವ್ಯಾಗನು ಆಗಲಾರದು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಮೊದಲು ಗೂಡ್ಸ್ ಡಬ್ಬಿಯೇ ಏಕೆ

ಅಮೆರಿಕದ ಮಿಲ್ವಾಕಿ ನಗರದಲ್ಲಿ ಅಲ್ ಕಾಮ್‌ಬಾಕ್ ಎಂಬವರು 1934ರ ಜನವರಿಯಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯನ್ನು ಆರಂಭಿಸಿದರು. ಅದೇ ಊರಿನಲ್ಲಿ 1935ರಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿ, ಗಾಲಿ, ಹಳಿ, ಕೊಂಡಿಗಳಿಗೆ ಎಲ್ಲರೂ ಒಪ್ಪುವ ಅಳತೆಗಳನ್ನು ಗೊತ್ತುಪಡಿಸುವ ಕೆಲಸಕ್ಕೆ ಕೈಹಾಕಿತು. ಅದು ಆರ್ಥಿಕ ಮಹಾಕುಸಿತದ ಕಾಲ. ಅಳತೆಗೆ ಸರಿಯಾದ ಮಾದರಿಗಳು ಅಂಗಡಿಯಲ್ಲಿ ದೊರೆಯುತ್ತಿದ್ದರೂ ಅವುಗಳ ಬೆಲೆ ಎಟುಕುವಂತಿರಲಿಲ್ಲ. ಲಯನೆಲ್ ಸಂಸ್ಥೆಯೇ 1937ರಲ್ಲಿ ಹೊರತಂದ ಅಳತೆಯ ಹಡ್ಸನ್ ಎಂಜಿನಿಗೆ 75 ಡಾಲರ್ ಬೆಲೆಯಿತ್ತು. ಕೈಯಲ್ಲಿ ಹಣವಿಲ್ಲದವನಿಗೆ ಉಳಿದ ದಾರಿ ಒಂದೇ: ಇದ್ದ ಆಟಿಕೆಯನ್ನು ತಿದ್ದುವುದು. ಬ್ರಿಟನ್ನಿನಲ್ಲಿಯೂ ಅದೇ ಮನೋಧರ್ಮವಿತ್ತು. ಸ್ಕಾಟ್ಲೆಂಡಿನ ಪಾದ್ರಿ ಎಡ್ವರ್ಡ್ ಬೀಲ್ ಅವರು 1937ರಲ್ಲಿ ಪ್ರಕಟಿಸಿದ ರೈಲ್ವೆ ಮಾದರಿ ಕಲೆಯ ಪುಸ್ತಕವು ಸಾಮಾನ್ಯ ಸಂಬಳದವನೂ ತನ್ನ ಕೈಯಾರೆ ರೈಲ್ವೆ ಕಟ್ಟಬಹುದೆಂಬ ಧೈರ್ಯವನ್ನು ಓದುಗರಿಗೆ ಕೊಟ್ಟಿತು.

ತಿದ್ದಲು ಮೊದಲು ಕೈಗೆತ್ತಿಕೊಳ್ಳುವುದು ಗೂಡ್ಸ್ ಡಬ್ಬಿಯನ್ನೇ ಆಗಿತ್ತು. ಎಂಜಿನಿನಲ್ಲಿ ಮೋಟಾರಿದೆ, ಹಲ್ಲುಗಾಲಿಗಳಿವೆ. ಕೈ ತಪ್ಪಿದರೆ ನಷ್ಟ ದೊಡ್ಡದು. ಪ್ರಯಾಣಿಕರ ಡಬ್ಬಿಗೆ ಸಾಲು ಕಿಟಕಿಗಳು. ಗೂಡ್ಸ್ ಡಬ್ಬಿಯಾದರೋ ನಾಲ್ಕು ಗೋಡೆಯ ಪೆಟ್ಟಿಗೆ, ಬೆಲೆಯೂ ಕಡಿಮೆ. ಒಂದು ಹಾಳಾದರೆ ಇನ್ನೊಂದರಲ್ಲಿ ಕಲಿಯಬಹುದು.

ಕೆಲಸದ ಕ್ರಮ ಹೆಚ್ಚುಕಡಿಮೆ ಹೀಗಿರುತ್ತಿತ್ತು. ಇಂದಿಗೂ ಹೀಗೆಯೇ ಇದೆ. ಮೊದಲು ಡಬ್ಬಿಯನ್ನು ಪೂರ್ತಿ ಬಿಚ್ಚಿ, ಆಟಿಕೆಯ ಗಾಲಿಗಳನ್ನು ತೆಗೆದು, ಏಣು ತೆಳುವಾಗಿರುವ ಗಾಲಿಗಳನ್ನು ಹಾಕುವುದು. ದೊಡ್ಡ ಕೊಂಡಿಯನ್ನು ಕತ್ತರಿಸಿ ಅಳತೆಯ ಕೊಂಡಿಯನ್ನು ಕೂರಿಸುವುದು. ಗಾಲಿ ಮತ್ತು ಕೊಂಡಿ ಬದಲಾದ ಮೇಲೆ ಡಬ್ಬಿ ಕೆಳಗಿಳಿದು ತನ್ನ ನಿಜವಾದ ಎತ್ತರಕ್ಕೆ ಬರುತ್ತದೆ. ಅನಂತರ ಗೋಡೆಯ ಮೇಲೆ ಉಬ್ಬಾಗಿ ಎರಕ ಹೊಯ್ದ ಹಿಡಿಕೆಗಳನ್ನು ಚೂಪಾದ ಅಲಗಿನಿಂದ ಹೆರೆದು, ಅರದಿಂದ ನಯಮಾಡಿ, ಕೂದಲೆಳೆಯಂಥ ತಂತಿಯನ್ನು ಬಾಗಿಸಿ ಬಿಡಿಯಾದ ಹಿಡಿಕೆಗಳನ್ನು ನೆಡುವುದು. ಅಡಿಯಲ್ಲಿ ಬ್ರೇಕಿನ ಸಿಲಿಂಡರು, ಸರಳು, ಕೊಳವೆಗಳನ್ನು ಜೋಡಿಸುವುದು. ಒಳಗೆ ಸೀಸದ ತುಂಡನ್ನಿಟ್ಟು ತೂಕ ಕೊಡುವುದು. ಅಮೆರಿಕದ ಸಂಘವು ಶಿಫಾರಸು ಮಾಡಿದ ತೂಕ ಎಚ್‌ಓ ಡಬ್ಬಿಗೆ 1 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. 6 ಅಂಗುಲದ ಡಬ್ಬಿಗೆ 4 ಔನ್ಸ್, ಎಂದರೆ ಸುಮಾರು 113 ಗ್ರಾಂ. ಕೊನೆಗೆ ಮಂದ ಬಣ್ಣ, ಅಕ್ಷರ, ಅಂಕಿ.

ಕೊಂಡಿಯ ವಿಷಯದಲ್ಲಿ ಅಮೆರಿಕದ ಹವ್ಯಾಸಿಗಳಿಗೆ ನೆರವಾದವರು ಆರೆಗಾನ್ ರಾಜ್ಯದ ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಸೋದರರು. ಅವರ ಹೆಸರಿನ ಮೊದಲಕ್ಷರಗಳೇ ಸೇರಿ ಕೇಡೀ ಎಂಬ ಹೆಸರಾಯಿತು. ನಿಜವಾದ ರೈಲಿನ ಮುಷ್ಟಿಯಾಕಾರದ ಕೊಂಡಿಯಂತೆಯೇ ಕಾಣುವ, ಹಳಿಯ ನಡುವೆ ಹುದುಗಿಸಿದ ಅಯಸ್ಕಾಂತದಿಂದ ತಾನಾಗಿ ಬಿಚ್ಚಿಕೊಳ್ಳುವ ಅವರ ಕೊಂಡಿ, ಆಟಿಕೆಯ ಡಬ್ಬಿಯನ್ನು ಮಾದರಿಯಾಗಿಸುವವರು ಮೊದಲು ಕೊಳ್ಳುವ ವಸ್ತುವಾಯಿತು.

ಏಣಿಯು ಹೇಳುವ ಕಾಲ

ಇಷ್ಟೊಂದು ಸೂಕ್ಷ್ಮ ಯಾತಕ್ಕೆ ಎಂದು ಕೇಳಬಹುದು. ಒಂದು ಉದಾಹರಣೆಯಿಂದ ಉತ್ತರ ದೊರೆಯುತ್ತದೆ.

ಅಮೆರಿಕದ ಹಳೆಯ ಮುಚ್ಚಿದ ಗೂಡ್ಸ್ ಡಬ್ಬಿಗಳ ಮಾಡಿನ ನಡುವೆ ಉದ್ದಕ್ಕೂ ಹಲಗೆಯ ಕಾಲುದಾರಿ ಇರುತ್ತಿತ್ತು. ಗಾಳಿಯ ಬ್ರೇಕು ಬರುವ ಮುಂಚೆ ರೈಲನ್ನು ನಿಲ್ಲಿಸಬೇಕಾದರೆ ಬ್ರೇಕಿನ ಆಳುಗಳು ಓಡುವ ರೈಲಿನ ನೆತ್ತಿಯ ಮೇಲೆ ಡಬ್ಬಿಯಿಂದ ಡಬ್ಬಿಗೆ ದಾಟುತ್ತ ಒಂದೊಂದರ ಕೈಚಕ್ರವನ್ನೂ ತಿರುಗಿಸಬೇಕಾಗಿತ್ತು. ಮಳೆಯಲ್ಲಿ, ಹಿಮದಲ್ಲಿ ಜಾರಿ ಬಿದ್ದು ಸತ್ತವರು ಅನೇಕರು. ಡಬ್ಬಿಗಳ ನಡುವೆ ನಿಂತು ಕೈಯಿಂದ ಕೊಂಡಿ ಹಾಕುವಾಗ ಬೆರಳು ಕಳೆದುಕೊಂಡವರು ಇನ್ನೂ ಅನೇಕರು. 1893ರಲ್ಲಿ ಅಮೆರಿಕದ ಸಂಸತ್ತು ತಾನಾಗಿ ಕೂಡುವ ಕೊಂಡಿ, ಗಾಳಿಯ ಬ್ರೇಕು ಮತ್ತು ಭದ್ರವಾದ ಹಿಡಿಕೆಗಳನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿತು. ಮಾದರಿಕಾರನು ತಂತಿಯಲ್ಲಿ ಬಾಗಿಸಿ ನೆಡುವ ಹಿಡಿಕೆಯ ಹಿಂದೆ ಈ ಕಥೆಯಿದೆ. 1966ರ ಸುಮಾರಿಗೆ ಹೊಸ ಡಬ್ಬಿಗಳಿಗೆ ಮಾಡಿನ ಕಾಲುದಾರಿ ಬೇಡವೆಂದಾಯಿತು. ಹಳೆಯ ಡಬ್ಬಿಗಳಿಂದಲೂ ಅದನ್ನು ಕ್ರಮೇಣ ಕಿತ್ತುಹಾಕಿ ಏಣಿಗಳನ್ನು ಗಿಡ್ಡವಾಗಿಸಿದರು. ಆದ್ದರಿಂದ 1950ರ ರೈಲಿನಲ್ಲಿ ಗಿಡ್ಡ ಏಣಿಯ ಡಬ್ಬಿ ಬಂದರೆ ಅದು ಕಾಲದೋಷ.

ಬ್ರಿಟನ್ನಿನಲ್ಲಿ ಅಕ್ಷರಗಳೇ ಇಂಥ ಸಾಕ್ಷಿ. ಕಲ್ಲಿದ್ದಲಿನ ಗಣಿಯವರೂ ವರ್ತಕರೂ ತಮ್ಮ ಸ್ವಂತ ವ್ಯಾಗನುಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಸುತ್ತಿದ್ದರು. 1948ರಲ್ಲಿ ರೈಲ್ವೆಗಳು ಸರ್ಕಾರದ ಒಡೆತನಕ್ಕೆ ಬಂದಾಗ ಆ ವ್ಯಾಗನುಗಳೂ ಬಂದವು. ಹೆಸರುಗಳು ಮಾಸುತ್ತ ಹೋಗಿ ಅಂಕಿಗಳು ಉಳಿದವು. ಬಣ್ಣಬಣ್ಣದ ಅಕ್ಷರಗಳು ಮಕ್ಕಳಿಗೆ ಪ್ರಿಯವಾದುದರಿಂದ ಆಟಿಕೆಯವರು ಅವನ್ನು ಬಿಡಲಿಲ್ಲ. ಮಾದರಿ ಮಾಡುವವನು ಮಾತ್ರ ತನ್ನ ರೈಲು 1938ರದೋ 1955ರದೋ ಎಂದು ಮೊದಲು ತೀರ್ಮಾನಿಸಬೇಕು.

ಕೊಳೆಯೂ ಇತಿಹಾಸವೇ ಎಂದು ತೋರಿಸಿಕೊಟ್ಟವರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಛಾಯಾಗ್ರಾಹಕ ಜಾನ್ ಅಲೆನ್ ಪ್ರಮುಖರು. ಹೊಸ ಬಣ್ಣದಿಂದ ಥಳಥಳಿಸುವ ಡಬ್ಬಿಯು ಎಷ್ಟೇ ಅಳತೆಯಿದ್ದರೂ ಆಟಿಕೆಯಂತೆಯೇ ಕಾಣುತ್ತದೆ. ಅಲೆನ್ ತಮ್ಮ ಎಚ್‌ಓ ರೈಲ್ವೆಯ ಡಬ್ಬಿಗಳಿಗೆ ತುಕ್ಕು, ಧೂಳು, ಮಸಿ, ಮಾಸಿದ ಅಕ್ಷರಗಳನ್ನು ಹಚ್ಚಿದರು; ಅವರ ಛಾಯಾಚಿತ್ರಗಳ ಮೂಲಕ ಆ ಪದ್ಧತಿ ಎಲ್ಲೆಡೆ ಹರಡಿತು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲ್ವೆಯ ಬಹುಭಾಗ ನಾಶವಾಯಿತು. ನಾವಿಂದು ಅದನ್ನು ಹೆಚ್ಚಾಗಿ ಚಿತ್ರಗಳಲ್ಲಿಯೇ ನೋಡಬೇಕಾಗಿದೆ.

ಇಂಗ್ಲೆಂಡಿನಲ್ಲಿ ಇದೇ ದೃಷ್ಟಿ ಇನ್ನೂ ಮುಂದೆ ಹೋಯಿತು. 1925ರಲ್ಲಿ ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬ ಯುವಕನು ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳು ತನ್ನ ಕಣ್ಣೆದುರೇ ಬದಲಾಗುತ್ತಿರುವುದನ್ನು ಕಂಡನು. ಮರೆಯಾಗುತ್ತಿರುವ ಆ ಸೀಮೆಯನ್ನು ಅಡಿಗೆ 4 ಮಿಲಿಮೀಟರಿನ ಪ್ರಮಾಣದಲ್ಲಿ ಹಿಡಿದಿಡಬೇಕೆಂದು ಹೊರಟನು. 1954ರಲ್ಲಿ ಲಾಂಗ್ ವಿಟ್ಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಆತನು ತೆರೆದ ಪೆಂಡನ್ ವಸ್ತುಸಂಗ್ರಹಾಲಯ ಇಂದಿಗೂ ಇದೆ. ಸುತ್ತಲಿನ ನೆಲದ ನೋಟಕ್ಕೆ ರೈಲನ್ನು ಹೊಂದಿಸಿ ತೋರಿಸಿದ ಮೊದಲಿಗರಲ್ಲಿ ಒಬ್ಬರಾದ ಜಾನ್ ಅಹರ್ನ್ ಅವರ ಮ್ಯಾಡರ್ ವ್ಯಾಲಿ ರೈಲ್ವೆಯೂ ಈಗ ಅಲ್ಲಿಯೇ ಇದೆ. ಮಾದರಿಯು ಒಂದು ದಾಖಲೆಯಾಗಬಲ್ಲದು ಎಂಬುದಕ್ಕೆ ಆ ಮನೆಯೇ ನಿದರ್ಶನ.

ಬಾರ್ಶಿ ರೈಲಿನ ವ್ಯಾಗನು

ಇಲ್ಲಿಯವರೆಗೆ ಹೇಳಿದುದು ಪರದೇಶದ ಮಾತು. ಆದರೆ ಸೊಲ್ಲಾಪುರ ಜಿಲ್ಲೆಯಲ್ಲಿ ಓಡಿದ ಒಂದು ಗೂಡ್ಸ್ ವ್ಯಾಗನು ಈ ಕಥೆಯೊಳಗೆ ಬಂದು ನಿಲ್ಲುತ್ತದೆ.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಬ್ರಾಡ್‌ಗೇಜು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಹತ್ತಿಯ ಪೇಟೆಯಾದ ಬಾರ್ಶಿ ಆ ಮಾರ್ಗದಿಂದ ದೂರ ಉಳಿಯಿತು. ಈ ಕೊರತೆಯನ್ನು ನೀಗಲು ಎವೆರಾರ್ಡ್ ಕಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರರು ಕಟ್ಟಿದ ಬಾರ್ಶಿ ಲೈಟ್ ರೈಲ್ವೆ 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಓಡತೊಡಗಿತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, 762 ಮಿಲಿಮೀಟರ್. 1906ರಲ್ಲಿ ಅದು ಪಂಢರಪುರವನ್ನೂ 1911ರಲ್ಲಿ ಲಾತೂರನ್ನೂ 1927ರಲ್ಲಿ ಮಿರಜವನ್ನೂ ತಲುಪಿ ಸುಮಾರು 325 ಕಿಲೋಮೀಟರ್ ಬೆಳೆಯಿತು. ಪಂಢರಪುರ ಮತ್ತು ಮಿರಜದ ನಡುವಿನ ಜತ್ತ ರೋಡ್ ನಿಲ್ದಾಣದ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತ. ವಿಠ್ಠಲನ ದರ್ಶನಕ್ಕೆ ಹೊರಟ ಕನ್ನಡ ಭಕ್ತರಿಗೂ ಇದು ದಾರಿಯಾಗಿತ್ತು.

ಕಾಲ್‌ಥ್ರಾಪರ ಹೆಗ್ಗಳಿಕೆ ಅವರ ವ್ಯಾಗನುಗಳಲ್ಲಿತ್ತು. ಗಜಕ್ಕೆ 30 ಪೌಂಡ್ ತೂಕದ ಹಗುರ ಹಳಿಯ ಮೇಲೆ ಪ್ರತಿ ಇರಸಿಗೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು, ಆದರೆ ಅಷ್ಟು ಭಾರವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು ಎಂಬುದು ಅವರ ಲೆಕ್ಕ. ಅದಕ್ಕಾಗಿ ಎಲ್ಲ ಗೂಡ್ಸ್ ವ್ಯಾಗನುಗಳನ್ನೂ 25 ಅಡಿ ಉದ್ದ, 7 ಅಡಿ ಅಗಲದ ಒಂದೇ ಬಗೆಯ, ಒತ್ತಿ ರೂಪಿಸಿದ ಉಕ್ಕಿನ ತಳಚೌಕಟ್ಟಿನ ಮೇಲೆ ಕಟ್ಟಿಸಿದರು. ಮಾರ್ಗವು ತೆರೆಯುವ ಮೊದಲೇ ಈ ಬಂಡಿಗಳನ್ನು ಇಂಗ್ಲೆಂಡಿನ ಲೀಡ್ಸ್ ಬಳಿಯ ನ್ಯೂಲೇಯಲ್ಲಿ ಓಡಿಸಿ ಎಂಜಿನಿಯರುಗಳಿಗೆ ತೋರಿಸಲಾಯಿತು. ಮುಂದೆ 1904ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರಿನಲ್ಲಿ ತೆರೆದ ಲೀಕ್ ಮತ್ತು ಮ್ಯಾನಿಫೋಲ್ಡ್ ರೈಲ್ವೆಯನ್ನು ಅದೇ ಎರಡೂವರೆ ಅಡಿಯ ಗೇಜಿನಲ್ಲಿ ರೂಪಿಸುವಾಗ ಕಾಲ್‌ಥ್ರಾಪರು ಬಾರ್ಶಿಯಲ್ಲಿ ಕಲಿತುದನ್ನೇ ಅಲ್ಲಿಗೆ ಒಯ್ದರು. ಸಾಮಾನ್ಯವಾಗಿ ಇಂಗ್ಲೆಂಡಿನ ರೂಪಗಳು ಭಾರತಕ್ಕೆ ಬರುತ್ತಿದ್ದ ಕಾಲದಲ್ಲಿ, ಇಲ್ಲಿ ಸೊಲ್ಲಾಪುರ ಜಿಲ್ಲೆಯ ಅನುಭವ ಇಂಗ್ಲೆಂಡಿಗೆ ಹೋಯಿತು.

ಮ್ಯಾನಿಫೋಲ್ಡ್ ರೈಲು 1934ರಲ್ಲಿಯೇ ಮುಚ್ಚಿತು. ಅದರ ಹಾದಿಯಲ್ಲಿ ಈಗ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಆದರೂ ಮಾದರಿಗಳ ಲೋಕದಲ್ಲಿ ಅದು ಜೀವಂತವಾಗಿದೆ. ಅದಕ್ಕೆ ಕಾರಣ ಒಂದು ಆಟಿಕೆಯೇ. 1960ರ ದಶಕದ ಆರಂಭದಲ್ಲಿ ನ್ಯೂರೆಂಬರ್ಗಿನ ಆರ್ನಾಲ್ಡ್ ಸಂಸ್ಥೆಯು 9 ಮಿಲಿಮೀಟರ್ ಹಳಿಯ, 160ರಲ್ಲಿ ಒಂದು ಪಾಲಿನ ಪುಟ್ಟ ರೈಲನ್ನು ಹೊರತಂದಿತು. ಅದರ ಗಾಲಿ, ಚೌಕಟ್ಟುಗಳ ಮೇಲೆ ದೊಡ್ಡ ಪ್ರಮಾಣದ ಒಡಲನ್ನು ಕಟ್ಟಿದರೆ ನ್ಯಾರೋಗೇಜಿನ ಮಾದರಿ ಸಿದ್ಧವಾಗುತ್ತದೆಂದು ಹವ್ಯಾಸಿಗಳು ಕಂಡುಕೊಂಡರು. ಬ್ರಿಟನ್ನಿನಲ್ಲಿ 1973ರಲ್ಲಿ ಅವರದೇ ಒಂದು ಸಂಘವೂ ಸ್ಥಾಪನೆಯಾಯಿತು.

ಇದೇ ವಿಧಾನದಿಂದ ಬಾರ್ಶಿಯ ವ್ಯಾಗನನ್ನು ಮಾಡಬಹುದೇ ಎಂದು ಲೆಕ್ಕ ಹಾಕಿ ನೋಡೋಣ. 87ರಲ್ಲಿ ಒಂದು ಪಾಲಿನ ಪ್ರಮಾಣ ಹಿಡಿದರೆ 762 ಮಿಲಿಮೀಟರಿನ ಗೇಜು 8.76 ಆಗುತ್ತದೆ, ಆಟಿಕೆಯ ಹಳಿ 9. ವ್ಯತ್ಯಾಸ ಕಾಲು ಮಿಲಿಮೀಟರಿಗಿಂತ ಕಡಿಮೆ. 25 ಅಡಿಯ ಉದ್ದ 87.6 ಮಿಲಿಮೀಟರ್, 7 ಅಡಿಯ ಅಗಲ 24.5. ಆಟಿಕೆಯ ಅಮೆರಿಕನ್ 50 ಅಡಿ ವ್ಯಾಗನಿನ ತಳ ಸುಮಾರು 95 ಮಿಲಿಮೀಟರ್ ಉದ್ದವಿರುತ್ತದೆ. ನಡುವೆ 7 ಅಥವಾ 8 ಮಿಲಿಮೀಟರ್ ಕೊಯ್ದು ತೆಗೆದು ಎರಡು ತುದಿಗಳನ್ನು ಅಂಟಿಸಿದರೆ ಬಾರ್ಶಿಯ ಉದ್ದ ಬಂತು. ಅದರ ಒಡಲು 19 ಮಿಲಿಮೀಟರ್ ಅಗಲವಷ್ಟೇ ಇರುವುದರಿಂದ ಅದನ್ನು ಬಿಟ್ಟು, ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸ ಒಡಲನ್ನು ಕಟ್ಟಬೇಕು. ಎತ್ತರವನ್ನೂ ಬಾಗಿಲ ಅಗಲವನ್ನೂ ಅಂದಾಜಿನಿಂದ ಹಾಕಬಾರದು. ಹಾಕಿದರೆ ಅದು ಮತ್ತೆ ಆಟಿಕೆಯಾಗುತ್ತದೆ. ವ್ಯಾಗನಿನ ಪಕ್ಕಕ್ಕೆ ನೇರವಾಗಿ ನಿಂತು ತೆಗೆದ ಒಂದು ಹಳೆಯ ಛಾಯಾಚಿತ್ರ ಸಿಕ್ಕರೆ, ಗೊತ್ತಿರುವ 25 ಅಡಿಯನ್ನೇ ಅಳತೆಗೋಲಾಗಿ ಹಿಡಿದು ಉಳಿದ ಅಳತೆಗಳನ್ನು ತ್ರೈರಾಶಿಯಿಂದ ತೆಗೆಯಬಹುದು. ಶಾಲೆಯ ಗಣಿತವೇ ಸಾಕು, ಬೇಕಾದುದು ಛಾಯಾಚಿತ್ರ.

ಕೊಯ್ಯುವ ಮುನ್ನ

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಡಲಾಗದು. ಹಳೆಯ ತಗಡಿನ ಡಬ್ಬಿಯೂ ಈಗ ತಾನೇ ಒಂದು ಚಾರಿತ್ರಿಕ ವಸ್ತು. ಅದನ್ನು ಹಾಗೆಯೇ ಕಾಪಾಡುವ ಸಂಗ್ರಾಹಕರ ಸಂಘ ಅಮೆರಿಕದಲ್ಲಿ 1954ರಲ್ಲಿಯೇ ಹುಟ್ಟಿತು. ಬ್ರಿಟನ್ನಿನಲ್ಲಿ ಹಾರ್ನ್‌ಬಿ ರೈಲುಗಳ ಸಂಗ್ರಾಹಕರು 1969ರಲ್ಲಿ ಒಂದುಗೂಡಿದರು. 1920ರ ದಶಕದ ಮೂಲ ಬಣ್ಣ ಕೆಡದ ಡಬ್ಬಿಗೆ ಗರಗಸ ಹಾಕುವವನು ಒಂದು ದಾಖಲೆಯನ್ನು ಅಳಿಸಿ ಇನ್ನೊಂದನ್ನು ಬರೆಯುತ್ತಾನೆ. ಮಗುವಿನ ಕೈಯ ಸವೆತವೂ ಆ ಡಬ್ಬಿಯ ಇತಿಹಾಸವೇ. ಆದ್ದರಿಂದ ಅಪರೂಪದ ತಗಡಿನದನ್ನು ಮುಟ್ಟದೆ, ಲಕ್ಷಗಟ್ಟಲೆ ತಯಾರಾದ, ಗಾಲಿ ಮುರಿದ, ಬಣ್ಣ ಹೋದ ಪ್ಲಾಸ್ಟಿಕ್ ಡಬ್ಬಿಗಳನ್ನೇ ಈ ಕೆಲಸಕ್ಕೆ ಆರಿಸಿಕೊಳ್ಳುವುದು ವಿವೇಕ. ತಿದ್ದಿದ ಮೇಲೆ ಅಡಿಯಲ್ಲಿ ವರ್ಷವನ್ನೂ ಮೂಲ ಆಟಿಕೆಯ ಹೆಸರನ್ನೂ ಬರೆದಿಟ್ಟರೆ ಮುಂದಿನವರು ಮೋಸಹೋಗುವುದಿಲ್ಲ.

ನಿಜವಾದ ರೈಲುಗಳ ಸಂಗತಿಯೂ ನಮ್ಮನ್ನು ಯೋಚನೆಗೆ ಹಚ್ಚುವಂತಿದೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಜೋಪಾನವಾಗಿದೆ. ನೀಲಗಿರಿಯ ಬೆಟ್ಟದ ರೈಲನ್ನು ಜನ ಪ್ರೀತಿಯಿಂದ ಟಾಯ್ ಟ್ರೇನ್ ಎಂದು ಕರೆಯುತ್ತಾರೆ. ಅದಕ್ಕೆ 2005ರಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಬಾರ್ಶಿಯ ರೈಲನ್ನು 1954ರಲ್ಲಿ ಸರ್ಕಾರವು ಕೊಂಡುಕೊಂಡಿತು. 2010ರ ವೇಳೆಗೆ ಮಿರಜದಿಂದ ಲಾತೂರಿನವರೆಗಿನ ಹಾದಿಯೆಲ್ಲ ಬ್ರಾಡ್‌ಗೇಜಾಯಿತು. ಅದು ಬೇಕಾಗಿದ್ದ ಬದಲಾವಣೆ. ಹಳೆಯ ರೈಲೇ ಓಡುತ್ತಿರಬೇಕಿತ್ತೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಕಡೆಯಲ್ಲೂ ಎಂಜಿನುಗಳಿಗೂ ಸಲೂನುಗಳಿಗೂ ಸಿಗುವ ಮರ್ಯಾದೆ ಗೂಡ್ಸ್ ವ್ಯಾಗನಿಗೆ ಸಿಗುವುದಿಲ್ಲ. ಹತ್ತಿಯ ಅಂಡಿಗೆಗಳನ್ನೂ ಕಾಳಿನ ಚೀಲಗಳನ್ನೂ ಹೊತ್ತು ಒಂದು ಸೀಮೆಯ ಬಾಳನ್ನು ನಡೆಸಿದ ಬಂಡಿಯು ಕೆಲಸ ಮುಗಿದ ದಿನ ಗುಜರಿಯ ತೂಕಕ್ಕೆ ಹೋಗುತ್ತದೆ.

ಗಡಿಯಾಚೆಯ ಕನ್ನಡಿಗರಾದ ನಾವು ನಮ್ಮ ಮಾತನ್ನೂ ಶಾಸನಗಳನ್ನೂ ಹಾಡುಗಳನ್ನೂ ಕಾಪಾಡಿಕೊಳ್ಳುವ ಚಿಂತೆಯನ್ನು ಸಮ್ಮೇಳನದಿಂದ ಸಮ್ಮೇಳನಕ್ಕೆ ಮಾಡುತ್ತ ಬಂದಿದ್ದೇವೆ. ನಮ್ಮ ಹಿರಿಯರು ದುಡಿದ, ಹತ್ತಿದ, ಇಳಿದ ಸಾಮಾನ್ಯ ವಸ್ತುಗಳ ಅಳತೆಯೂ ಆ ಚಿಂತೆಯೊಳಗೆ ಸೇರಬೇಕು. ಕುರ್ಡುವಾಡಿಯ ಕಾರ್ಖಾನೆಯಲ್ಲಿಯೋ ಸಣ್ಣ ನಿಲ್ದಾಣಗಳಲ್ಲಿಯೋ ಕೆಲಸ ಮಾಡಿದವರು ನಮ್ಮ ಮನೆತನಗಳಲ್ಲಿ ಇದ್ದರೆ ಅವರ ಬಳಿ ಕುಳಿತು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ವ್ಯಾಗನಿನ ಬಾಗಿಲು ಪಕ್ಕಕ್ಕೆ ಸರಿಯುತ್ತಿತ್ತೋ ಹೊರಕ್ಕೆ ತೆರೆಯುತ್ತಿತ್ತೋ? ಬಣ್ಣ ಯಾವುದು? ಅಂಕಿ ಎಲ್ಲಿ ಬರೆದಿತ್ತು? ಹತ್ತಲು ಮೆಟ್ಟಿಲು ಎಲ್ಲಿತ್ತು? ಮನೆಯ ಪೆಟ್ಟಿಗೆಯಲ್ಲಿರುವ ಮದುವೆಯ ಅಥವಾ ಯಾತ್ರೆಯ ಫೋಟೋದ ಹಿನ್ನೆಲೆಯಲ್ಲಿ ಅಂಥ ಒಂದು ವ್ಯಾಗನು ನಿಂತಿದ್ದರೂ ಸಾಕು. ಮಕ್ಕಳು ಆಡಿ ಬಿಟ್ಟ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ಕೊಯ್ಯುವ ಮುನ್ನ ನಮಗೆ ತಿಳಿದಿರಬೇಕಾದುದು ಇಷ್ಟನ್ನೇ; ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.